ಗೋಮಾಳದಲ್ಲಿ ವಿಮಾನ ನಿಲ್ದಾಣ

ವಿಮಾನ ನಿಲ್ದಾಣ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ಬೇಕಾದದ್ದು ಎರಡೇ. ಕೆಳಗೆ ಸಪಾಟಾದ ನೆಲ, ಮೇಲೆ ಆಕಾಶ. ಇವೆರಡರಲ್ಲಿ ಆಕಾಶ ಆಗಲೇ ತಯಾರಾಗಿತ್ತು. ಅಂದರೆ ಅರ್ಧ ಕೆಲಸ ಮುಗಿದ ಹಾಗೆಯೇ!

ಆಗ ಕನ್ನಡ ನಾಡು ಒಂದಾಗಿ ಒಂದೆರಡು ವರ್ಷವಾಗಿತ್ತಷ್ಟೆ. ಎಲ್ಲಿ ನೋಡಿದರೂ ಯೋಜನೆಯ ಮಾತು. ಶಿಕಾರಿಪುರದ ನನ್ನ ಜವಳಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಗಿರಾಕಿಗಳಿಲ್ಲದ ಹೊತ್ತು ಬೇಕಾದಷ್ಟಿತ್ತು. ಮುಂದೆ ಎಂದಾದರೂ ಸಣ್ಣ ಊರುಗಳಿಗೂ ವಿಮಾನ ಬರಬಹುದು, ಆಯಾ ಸೀಮೆಯವರು ಈಗಿನಿಂದಲೇ ಸಂಬಂಧಪಟ್ಟವರೆಲ್ಲರ ಅಭಿಪ್ರಾಯ ಕೂಡಿಸಿಡುವುದು ಒಳ್ಳೆಯದು ಎಂದು ಒಂದು ದಿನ ಯಾರೋ ಮಹನೀಯರು ಬರೆದಿದ್ದರು. ಅವರು ಬರೆದದ್ದು ಇಡೀ ರಾಜ್ಯಕ್ಕೆ. ನನಗೆ ಮಾತ್ರ ಅದು ನನ್ನ ಹೆಸರಿಗೇ ಬಂದ ಹಾಗೆ ಕಂಡಿತು. ಅಂದು ಸಂಜೆಯೇ 'ಶಿಕಾರಿಪುರ-ಸೊರಬ ವಿಮಾನ ನಿಲ್ದಾಣ ದೀರ್ಘಕಾಲೀನ ಯೋಜನಾ ಸಮಿತಿ' ಸ್ಥಾಪನೆಯಾಯಿತು. ಅಧ್ಯಕ್ಷ ನಾನು. ಕಾರ್ಯದರ್ಶಿಯೂ ನಾನೇ. ಸದಸ್ಯರ ಸ್ಥಾನಗಳು ಖಾಲಿ ಇದ್ದವು.

ನನ್ನ ಹೆಂಡತಿ ಗೌರಮ್ಮ ಸೊರಬದ ಕಡೆಯವಳು, ತವರು ಕುಬಟೂರು. ಸುದ್ದಿ ಕೇಳಿ ಅವಳು ಹಿಗ್ಗಲಿಲ್ಲ.

"ಸೊರಬದ ಬಸ್ಸೇ ಬಂದಾಗ ಬಂತು ಅನ್ನೋ ಹಾಂಗದೆ. ಮೊದ್ಲು ಅದ್ನ ಸರಿ ಮಾಡ್ಸಿ."

"ನಿನಗೆ ದೂರದೃಷ್ಟಿ ಇಲ್ಲ," ಎಂದೆ.

"ನಿಮಗದೆ. ಅದ್ಕೇ ದಿನಾ ಹೊಸ್ತಿಲು ಎಡವ್ತೀರಿ."

ನಾನು ಆರಿಸಿದ ಜಾಗ ಎರಡು ತಾಲ್ಲೂಕುಗಳ ನಡುವಿನ ಒಂದು ಗೋಮಾಳ. ಅದು ಅವಳ ತವರಿಗೇ ಹತ್ತಿರ. ಆದ್ದರಿಂದ ಸಭೆಯನ್ನು ಅವಳ ತಮ್ಮ ಚನ್ನಪ್ಪನ ಮನೆಯ ಜಗಲಿಯಲ್ಲಿ ಕರೆದೆ. ಇಬ್ಬರೂ ಹೊರಡುವಾಗ ಗೌರಮ್ಮ ಒಂದೇ ಮಾತು ಹೇಳಿದಳು.

"ಅಲ್ಲಿರೋರೆಲ್ಲ ನನ್ನ ಎತ್ತಿ ಆಡ್ಸಿದೋರು. ಅವ್ರಿಗೆ ಮಾತು ಕೊಟ್ರೆ ನಡ್ಸಿಕೊಡ್ಬೇಕು. ಇಲ್ದಿದ್ರೆ ನಾನು ಆ ಊರಿಗೆ ಮುಖ ತೋರ್ಸೋ ಹಾಂಗಿಲ್ಲ."

ನಾನು ನಕ್ಕುಬಿಟ್ಟೆ. ವಿಮಾನ ತರಿಸುವವನು ಮಾತು ತಪ್ಪುತ್ತಾನೆಯೇ?

ಸಂಬಂಧಪಟ್ಟವರೆಲ್ಲ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಕುಳಿತರು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬಂತು. ಅಭಿಪ್ರಾಯ ಸಂಗ್ರಹ ಆರಂಭವಾಯಿತು. ವಿಮಾನದಿಂದ ಗೊಬ್ಬರವೇನಾದರೂ ಸಿಗುತ್ತದೆಯೇ ಎಂದು ಒಬ್ಬರು ವಿಚಾರಿಸಿದರು. ಗುಡವಿಯಿಂದ ಬಂದಿದ್ದವನೊಬ್ಬ, ತಮ್ಮೂರ ಕೆರೆಗೆ ವರ್ಷ ವರ್ಷ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಇಳಿಯುತ್ತವೆ, ಒಂದಾದರೂ ಸಪಾಟು ನೆಲ ಬೇಕೆಂದು ಕೇಳಿದ್ದಿಲ್ಲ, ನಿಮ್ಮ ವಿಮಾನಕ್ಕೇಕೆ ಇಷ್ಟು ಸೊಕ್ಕು ಎಂದ. ಇದನ್ನೂ ಗಂಭೀರವಾಗಿ ಪರಿಗಣಿಸುವುದಾಗಿ ಹೇಳಿದೆ.

ಆಮೇಲೆ ಊರಿಗೇ ಹಿರಿಯನಾದ ನಿಂಗಪ್ಪಜ್ಜ ಗಂಟಲು ಸರಿಮಾಡಿಕೊಂಡ. ಅವನ ಚಿಂತೆ ದನಗಳದ್ದು. 'ವಿಮಾನ ಬರದ ದಿನ ದನ ಮೇಯಬಹುದು' ಎಂದು ಯೋಜನೆಯಲ್ಲೇ ಸೇರಿಸೋಣವೆಂದೆ. ಅಜ್ಜ ಸ್ವಲ್ಪ ಹೊತ್ತು ಎಲೆ ಜಗಿದು, ಸಣ್ಣದೊಂದು ತಿದ್ದುಪಡಿ ಸೂಚಿಸಿದ: 'ದನ ಮೇಯುವ ದಿನ ವಿಮಾನ ಬರಬಾರದು.' ಸಭೆ ಒಮ್ಮತದಿಂದ ಒಪ್ಪಿತು. ದನ ಮೇಯದ ದಿನ ಯಾವುದು ಎಂದು ಕೇಳಲು ಅಧ್ಯಕ್ಷರಿಗೆ ತೋಚಲಿಲ್ಲ. ಕಾರ್ಯದರ್ಶಿಗೂ ತೋಚಲಿಲ್ಲ.

ಇನ್ನು ಉಳಿದದ್ದು ನೆಲ. ಯಾರೋ ದೊಡ್ಡ ಸಾಹೇಬರು ಕೆರೆಗಳನ್ನು ನೋಡಲು ಆ ದಾರಿಯಲ್ಲಿ ಜೀಪಿನಲ್ಲಿ ಬರುವವರಿದ್ದರು. ಅವರ ಕಣ್ಣಿಗೆ ಬೀಳಬೇಕಾದರೆ ಗೋಮಾಳದ ಲಂಟಾನ ಪೊದೆ ಕಡಿದು, ದಿಬ್ಬ ತಗ್ಗಿಸಿ, ಗುಂಡಿ ತುಂಬಿಸಬೇಕು. ಅದು ಶ್ರಮದಾನದ ಕಾಲ. ಮನೆಗೊಬ್ಬರಂತೆ ಗುದ್ದಲಿ ಹಿಡಿದು ಬನ್ನಿ ಎಂದು ನಾನು ಎದ್ದು ನಿಂತು ಭಾಷಣವನ್ನೇ ಮಾಡಿದೆ. ಯಾರೂ ಅಲುಗಾಡಲಿಲ್ಲ.

ನಿಂಗಪ್ಪಜ್ಜ ಮೆಲ್ಲಗೆ ಕೇಳಿದ: "ಅಳಿಯಂದ್ರೆ, ಇದು ಸರ್ಕಾರದ ಕೆಲ್ಸವಾ, ನಿಮ್ಮ ಕೆಲ್ಸವಾ?"

"ನನ್ನ ಕೆಲಸ ಅಂತಲೇ ತಿಳೀರಿ ಅಜ್ಜಾ."

ಒಳಬಾಗಿಲಲ್ಲಿ ನಿಂತಿದ್ದ ಗೌರಮ್ಮ ಕೆಮ್ಮಿದಳು.

"ನಿಮ್ಮ ಮನೆ ಕೆಲ್ಸ ಅಂತ್ಲೇ ಬರ್ಬೋದಾ?"

"ನನ್ನ ಮನೆ ಕೆಲಸ ಅಂತಲೇ ಬರ್ರಿ. ಊಟಾನೂ ನಮ್ಮದೇ."

ಗೌರಮ್ಮನ ಕೆಮ್ಮು ಜೋರಾಯಿತು. ಜಗಲಿಯ ತುಂಬ ಮುಖಗಳು ಅರಳಿದವು. ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾದೆ.

ಹೇಳಿದ ದಿನ ಎರಡೂ ತಾಲ್ಲೂಕಿನ ಕಡೆಯಿಂದ ಜನ ಬಂದರು. ಪೊದೆ ಹೋಯಿತು, ದಿಬ್ಬ ಹೋಯಿತು. ಗೌರಮ್ಮ ಬೇಯಿಸಿ ಹಾಕಿದ ಅನ್ನ ಸಾರು ಹಂಡೆಗಟ್ಟಲೆ ಹೋಯಿತು. ಹೋಗುವಾಗ ಪ್ರತಿಯೊಬ್ಬರೂ ನನ್ನೆದುರು ನಿಂತು, ತಮ್ಮ ಹೆಸರು, ಊರು ಹೇಳಿ, "ನೆನಪಿರ್ಲಿ" ಎಂದು ನಕ್ಕು ಹೋದರು. ಎಂಥ ದೇಶಾಭಿಮಾನ ಎಂದು ನನ್ನ ಕಣ್ಣು ಒದ್ದೆಯಾಯಿತು.

ಸಾಹೇಬರ ಜೀಪನ್ನು ಅಡ್ಡಗಟ್ಟಿ ನಿಲ್ಲಿಸಿದೆ. ಅವರು ಇಳಿಯದೆಯೇ ನೆಲ ನೋಡಿದರು, ಮೆಚ್ಚಿದರು. ಆಮೇಲೆ ಇಲ್ಲಿಂದ ವಿಮಾನ ಹತ್ತುವವರು ಯಾರು ಎಂದು ಕೇಳಿದರು. ಸಂಬಂಧಪಟ್ಟವರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು.

"ನಮ್ಮ ಭಾವ ಹತ್ತುತಾರೆ," ಎಂದ ಚನ್ನಪ್ಪ.

"ಎಲ್ಲಿಗೆ?"

ಇದೊಂದನ್ನು ಸಮಿತಿ ಯೋಚಿಸಿರಲಿಲ್ಲ. ಗಾಬರಿಯಲ್ಲಿ, "ಸೊರಬಕ್ಕೆ," ಎಂದುಬಿಟ್ಟೆ.

ವಿಮಾನ ಮೇಲೇಳುವಷ್ಟರಲ್ಲಿ ಸೊರಬ ದಾಟಿ ಹೋಗುತ್ತದಲ್ಲ ಎಂದು ಸಾಹೇಬರು ಶಾಂತವಾಗಿ ಹೇಳಿ, ಚಾಲಕನಿಗೆ ಕೈ ಮಾಡಿದರು. ಜೀಪು ಹೋಯಿತು. ಧೂಳು ಉಳಿಯಿತು.

ಯೋಜನೆ ದೀರ್ಘಕಾಲದ್ದಾದ್ದರಿಂದ ನಾನು ಎದೆಗುಂದಲಿಲ್ಲ. ಮಳೆಗಾಲ ಹಿಡಿಯಿತು. ಗೋಮಾಳದಲ್ಲಿ ಹುಲ್ಲು ಎಂದೂ ಕಾಣದಷ್ಟು ಸೊಂಪಾಗಿ ಬೆಳೆಯಿತಂತೆ. ದನಗಳು ಮೇಯುತ್ತಿದ್ದವಂತೆ. ತಿದ್ದುಪಡಿಯಂತೆ ವಿಮಾನವೂ ಬರಲಿಲ್ಲ.

ಒಂದು ಬೆಳಿಗ್ಗೆ ನಿಂಗಪ್ಪಜ್ಜ ಅಂಗಡಿಗೆ ಬಂದ. ಧೋತರ ತೋರಿಸಲೇ ಎಂದೆ. ಬೇಡವೆಂದ. ಕಂಕುಳಲ್ಲಿದ್ದ ಹೆಚ್ಚಿನ ಕಂಬಳಿಯೊಂದನ್ನು ನನ್ನ ಗದ್ದಿಗೆಯ ಮೇಲಿಟ್ಟ.

"ನಾಳೆ ನಮ್ಮ ಗದ್ದೆ ನಾಟಿ. ಮಳೆಗೆ ಇದ್ನ ಹೊದ್ಕೊಂಡು ಬನ್ನಿ."

"ಊಟಕ್ಕೇನಜ್ಜಾ?"

"ಊಟಾನೂ ಅದೆ. ಮೊದ್ಲು ಕೆಲ್ಸ. ನಾನು ನಿಮ್ಮ ಕೆಲ್ಸಕ್ಕೆ ಬಂದಿದ್ನಲ್ಲ, ಅದರ ಮುಯ್ಯಿ."

ಅದು ಶ್ರಮದಾನ ಎಂದು ನಾನು ವಿವರಿಸಿದೆ. ಅಜ್ಜ ಪೂರ್ತಿ ಕೇಳಿ, ತನ್ನ ಲೆಕ್ಕ ಹೇಳಿದ. ಶ್ರಮದಾನ ಊರ ಕೆಲಸಕ್ಕೆ. ನಾನು ನನ್ನ ಮನೆ ಕೆಲಸ ಎಂದೆ, ನನ್ನ ಅನ್ನ ಇಕ್ಕಿದೆ. ಅದಕ್ಕೇ ಅವನು ಎರಡೆರಡು ಸಲ ಕೇಳಿದ್ದು. ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಹೋದರೆ ಅವರು ಇವರ ಮನೆಗೆ ಬಂದು ತೀರಿಸಬೇಕು. ಲೋಕ ನಡೆದಿರುವುದೇ ಹಾಗೆ. ಬೇಕಾದರೆ ಕೂಲಿ ಆಳು ಕಳಿಸುತ್ತೇನೆ ಎಂದೆ.

"ನಾನು ನಿಮ್ಮಲ್ಲಿಗೆ ಆಳು ಕಳಿಸಿದ್ನಾ?" ಎಂದ ಅಜ್ಜ.

ಒಳಗೆ ಓಡಿ ಗೌರಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಾನು ಯಾಕೆ ಕೆಮ್ಮಿದೆ ಅಂತ ಮಾಡಿದ್ರಿ?"

"ನೆಗಡಿ ಅಂತ."

"ಹೋಗಿ ಬನ್ನಿ. ಅಳಿಯ ಮಾತು ತಪ್ಪಿದ ಅಂತ ನನ್ನೂರಲ್ಲಿ ಅನ್ನಿಸ್ಬೇಡಿ."

ಹೋದೆ. ಅಲ್ಲಿಯವರೆಗೆ ನಾನು ಹಿಡಿದ ಅತಿ ಭಾರವಾದ ಆಯುಧ ಬಟ್ಟೆ ಅಳೆಯುವ ಗಜಕಡ್ಡಿ. ಮೊದಲು ಸಸಿ ಕೀಳಲು ಹಚ್ಚಿದರು. ನಾನು ಕಿತ್ತ ಸಸಿಗಳೆಲ್ಲ ಬೇರನ್ನು ಮಡಿಯಲ್ಲೇ ಬಿಟ್ಟು ಬಂದವು. ಸಸಿ ಕಟ್ಟು ಹೊರಲು ಹಚ್ಚಿದರು. ಬದುವಿನ ಮೇಲೆ ನಾಲ್ಕು ಹೆಜ್ಜೆ ಸರಿಯಾಗಿ ನಡೆದೆ. ಐದನೆಯದನ್ನು ಕೂತುಕೊಂಡು ಪೂರೈಸಿದೆ. ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೋವು ಮರೆತು ನಕ್ಕರು.

ಕೊಳ್ಳುವ ಎತ್ತನ್ನು ನೋಡುವಂತೆ ನಿಂಗಪ್ಪಜ್ಜ ನನ್ನನ್ನು ಒಂದು ಸುತ್ತು ಬಂದು ನೋಡಿದ.

"ಅಳಿಯಂದ್ರಿಗೆ ಕೆಲ್ಸ ಬರೂದಿಲ್ಲ. ಆದ್ರೆ ತೂಕ ಅದೆ."

ಕೆಸರು ಗದ್ದೆ ಸಮ ಮಾಡಲು ಎತ್ತುಗಳಿಗೆ ಉದ್ದನೆಯ ಹಲಗೆ ಕಟ್ಟಿ ಎಳೆಸುತ್ತಾರೆ. ಅದು ಚೆನ್ನಾಗಿ ಒತ್ತಬೇಕಾದರೆ ಮೇಲೆ ಯಾರಾದರೂ ನಿಲ್ಲಬೇಕು. ನನ್ನನ್ನು ನಿಲ್ಲಿಸಿದರು. ಎತ್ತುಗಳ ಬಾಲ ನನ್ನ ಕೈಗೆ ಬಂತು. ನಿಂಗಪ್ಪಜ್ಜ ನಾಲಿಗೆಯಲ್ಲಿ ಅದೇನೋ ಸದ್ದು ಮಾಡಿದ.

ಎತ್ತುಗಳು ಓಡಿದವು. ಎರಡೂ ಕಡೆ ಕೆಸರು ರೆಕ್ಕೆಯಂತೆ ಎದ್ದಿತು. ಕಿವಿಯಲ್ಲಿ ಗಾಳಿ ಮೊರೆಯಿತು. ಬದುವಿನ ಹತ್ತಿರ ಎತ್ತುಗಳು ತಿರುಗಿದವು, ಹಲಗೆಯೂ ತಿರುಗಿತು. ನಾನು ಮಾತ್ರ ನೇರವಾಗಿ ಮುಂದುವರಿದೆ. ಆ ಸೀಮೆಯ ಮೊದಲ ಹಾರಾಟ ಹಾಗೆ ನೆರವೇರಿತು! ಇಳಿಯುವ ಜಾಗದ ಬಗ್ಗೆ ಯಾರ ಅಭಿಪ್ರಾಯವನ್ನೂ ಸಂಗ್ರಹಿಸಿರಲಿಲ್ಲ. ಗುಡವಿಯವನು ಹೇಳಿದ್ದೇ ನಿಜವಾಯಿತು. ಇಳಿಯುವುದಕ್ಕೆ ಸಪಾಟು ನೆಲವೇನೂ ಬೇಕಾಗಿಲ್ಲ.

ಎದ್ದು ಕಣ್ಣೊರೆಸಿಕೊಂಡಾಗ ಅಜ್ಜ ನನ್ನನ್ನಲ್ಲ, ಗದ್ದೆಯನ್ನು ನೋಡುತ್ತಿದ್ದ. ಇಷ್ಟು ಸಮನಾಗಿ ಯಾವ ವರ್ಷವೂ ಕೂತಿರಲಿಲ್ಲವಂತೆ.

ಈ ಮಾತು ಹೊಲ ಹೊಲ ಹಬ್ಬಿತು. ಮಾರನೆಯ ದಿನದಿಂದ ಅಂಗಡಿಗೆ ಬರುವವರು ಹೆಚ್ಚಿದರು. ಯಾರೂ ಬಟ್ಟೆ ಕೊಳ್ಳಲು ಬಂದವರಲ್ಲ. ಎಲ್ಲರೂ ಹೆಸರು, ಊರು ಹೇಳಿ, ನೆನಪಿದೆಯೇ ಎಂದು ಕೇಳುವವರೇ. ಸಸಿ ಕೀಳಲು ಬೇಡ, ಕಟ್ಟು ಹೊರಲು ಬೇಡ. ಹಲಗೆಗೆ ಮಾತ್ರ ನೀವೇ ಬರಬೇಕು ಎನ್ನುತ್ತಿದ್ದರು. ಎರಡು ತಾಲ್ಲೂಕುಗಳ ಅಭಿವೃದ್ಧಿಯಲ್ಲಿ ನನ್ನದೂ ಒಂದು ಪಾತ್ರವಿರಲಿ ಎಂದು ನಾನೇ ಬಯಸಿದ್ದೆನಲ್ಲ.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಮೈಯೆಲ್ಲ ನೋವು. ಎರಡು ರೊಟ್ಟಿ ತಿಂದು ಸಾಕೆಂದೆ. ಗೌರಮ್ಮ ತಟ್ಟೆಗೆ ಇನ್ನೊಂದು ಹಾಕಿ, ಮೇಲೆ ಬೆಣ್ಣೆಯಿಟ್ಟಳು. ಎಷ್ಟಾದರೂ ಹೆಂಡತಿ ಎಂದು ಮನಸ್ಸು ಕರಗಿತು.

"ತಿನ್ರಿ," ಎಂದಳು. "ನಾಳೆ ನಮ್ಮ ಚನ್ನಪ್ಪನ ಗದ್ದೆ. ಊರೆಲ್ಲ ನೋಡ್ಲಿಕ್ಕೆ ಬರ್ತದೆ. ತೂಕ ಸಾಲ್ದಿದ್ರೆ ತವರಲ್ಲಿ ನನ್ನ ಮರ್ಯಾದೆ ಏನಾಗ್ಬೇಕು?"

ತಿಂದೆ.