ಹನ್ನೆರಡು ಜೇಬಿನ ಹೊಟ್ಟೆಚೀಲ

ಒಂದು ಕೆಲಸಕ್ಕೆಂದು ಹೋದವರಿಗೆ ಇನ್ನೊಂದು ಕೆಲಸ ಗಂಟು ಬೀಳುವುದು ಲೋಕದಲ್ಲಿ ಹೊಸದೇನಲ್ಲ. ನನಗಂತೂ ಅದು ಇಪ್ಪತ್ತನೇ ವಯಸ್ಸಿಗೇ ಶುರುವಾಯಿತು. ಈಗ ನಾಗಪುರದಲ್ಲಿ ಮೂರನೇ ಮಹಡಿಯ ಮೇಲೆ ಕೂತಿದ್ದೇನೆ. ಕೆಳಗಿನ ಅಂಗಡಿಯವನು ಮೊಟ್ಟೆಗಳನ್ನು ರಟ್ಟಿನ ತಟ್ಟೆಯ ಗುಳಿಗಳಲ್ಲಿ ಕೂರಿಸಿ ಕೊಡುವುದನ್ನು ಕಂಡಾಗಲೆಲ್ಲ ನಗು ಬರುತ್ತದೆ. ಆ ಗುಳಿಗಳನ್ನು ನಾನು ಬಟ್ಟೆಯಲ್ಲಿ ಹೊಲಿದವಳು.

ನನ್ನ ಊರು ಶಿಕಾರಿಪುರ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೊಟ್ಟೆ ಎಂಬ ಮಾತನ್ನೂ ಅಡುಗೆಮನೆಯಲ್ಲಿ ಆಡುವಂತಿರಲಿಲ್ಲ. ಐವತ್ತರ ದಶಕದ ಕೊನೆಗೆ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿ ಹತ್ತಿರದ ಒಂದು ಹಳ್ಳಿಯ ಹೆಂಗಸರಿಗೆ ಹೊಲಿಗೆ ಕಲಿಸಲು ಸರ್ಕಾರದ ಬ್ಲಾಕ್ ಕಚೇರಿಯವರು ನನ್ನನ್ನು ಕಳಿಸಿದರು. ಅವ್ವ ಒಂದೇ ಷರತ್ತು ಹಾಕಿದಳು: "ಹೊಲಿಗೆ ಅಂದ್ರೆ ಹೊಲಿಗೆ. ಬ್ಯಾರೆ ಏನಾರ ಮಾಡ್ತಿ ಅಂತ ಗೊತ್ತಾತೋ, ಅವತ್ತಿನ ಬಸ್ಸಿಗೇ ಕರಕೊಂಡು ಬರ್ತೀನಿ. ಗಂಡು ನೋಡಿಟ್ಟೀನಿ."

ಹೋದ ಮೇಲೆ ತಿಳಿಯಿತು, ಕೆಲಸದಲ್ಲಿ ಅರ್ಧ ಹೊಲಿಗೆ, ಇನ್ನರ್ಧ ಕೋಳಿ ಸಾಕಣೆ. ಅವ್ವನಿಗೆ ಕಾಗದ ಬರೆಯುವಾಗ ಮೊದಲನೇ ಅರ್ಧವನ್ನು ಮಾತ್ರ ಬರೆಯುತ್ತಿದ್ದೆ.

ನಿಂಬೆಹಣ್ಣಿನ ಅಳತೆ

ಬ್ಲಾಕ್ ಕಚೇರಿಯಿಂದ ಒಂದು ಚಿತ್ರ ಬಂತು. ಯಾವುದೋ ದೇಶದ ಹೆಂಗಸು ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡಿದ್ದಾಳೆ. ಅದರ ತುಂಬ ಪುಟ್ಟ ಪುಟ್ಟ ಜೇಬು, ಜೇಬಿಗೊಂದು ಮೊಟ್ಟೆ. ಒಂದಕ್ಕೊಂದು ತಾಗಿ ಒಡೆಯಬಾರದೆಂದು ಈ ಉಪಾಯ. ಇದನ್ನು ಹೊಲಿಯಲು ಕಲಿಸಿ ಅಂದರು. ಚಿತ್ರ ಚೆನ್ನಾಗಿತ್ತು, ಅಳತೆ ಮಾತ್ರ ಇರಲಿಲ್ಲ.

ನಾನೋ ಮೊಟ್ಟೆಯನ್ನು ದೂರದಿಂದ ಕಂಡವಳು. ನಮ್ಮ ಹೊಲಿಗೆ ಕ್ಲಾಸು ನಡೆಯುತ್ತಿದ್ದದ್ದು ಗೌಡ್ತಿಯೊಬ್ಬರ ಜಗಲಿಯಲ್ಲಿ; ಅವರದೂ ಲಿಂಗ ಕಟ್ಟಿದವರ ಮನೆಯೇ. "ಮೊಟ್ಟೆ ಎಷ್ಟು ದಪ್ಪ ಇರುತ್ತೆ ರೀ?" ಎಂದು ಗುಟ್ಟಾಗಿ ಕೇಳಿದೆ. ಅವರು ಆಚೀಚೆ ನೋಡಿ, "ನಮ್ಮ ಹಿತ್ತಲ ನಿಂಬೆಹಣ್ಣಿನಷ್ಟು ಇರಬೌದು ಕಣೆ. ನಾನೇನು ಕಂಡೀನಾ?" ಅಂದರು.

ನಿಂಬೆಹಣ್ಣಿಗೆ ಟೇಪು ಸುತ್ತಿ ಅಳತೆ ತೆಗೆದು ಹನ್ನೆರಡು ಜೇಬು ಹೊಲಿದೆ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಕೋಳಿ ಸಾಕಿದ್ದ ಅಜ್ಜಿಯೊಬ್ಬಳ ಹಿತ್ತಲಿಗೆ ಅದನ್ನು ಒಯ್ದೆ. ಅಜ್ಜಿ ಒಂದು ಮೊಟ್ಟೆ ತಂದು ಜೇಬಿಗೆ ಇಳಿಸಿದಳು. ತುದಿ ಒಳಗೆ ಹೋಯಿತು, ಮೈ ಹೊರಗೇ ನಿಂತಿತು.

"ತಂಗೀ, ಇದನ್ನ ಹೊಲಿದದ್ದು ನನ್ನ ಕೋಳಿಗಾ, ಗುಬ್ಬಿಗಾ? ಹಿಡಿ, ಕೈಯಲ್ಲೇ ಹಿಡಿದು ನೋಡು. ಕಚ್ಚಾದಿಲ್ಲ."

ಕಣ್ಣು ಮುಚ್ಚಿ ಅಂಗೈ ಚಾಚಿದೆ. ಮೊಟ್ಟೆ ಇಷ್ಟು ನಯವಾಗಿರುತ್ತದೆ ಅಂದುಕೊಂಡಿರಲಿಲ್ಲ. ಅದಕ್ಕಿಂತ ಆಶ್ಚರ್ಯ ಬೇರೆ ಇತ್ತು.

"ಬೆಚ್ಚಗಿದೆಯಲ್ಲ ಅಜ್ಜೀ!"

"ಈಗ ಇಟ್ಟದ್ದು. ನಿನ್ನ ನಿಂಬೆಹಣ್ಣಿನ ಮೇಲೂ ಯಾರಾದ್ರೂ ಕೂತಿದ್ರೆ ಅದೂ ಬೆಚ್ಚಗಿರ್ತಿತ್ತು!"

ಕೊಡೆಬಟ್ಟೆ

ಎರಡನೆಯದಕ್ಕೆ ಅಳತೆ ಸರಿಯಾಯಿತು. ಬಟ್ಟೆ ಗಟ್ಟಿಯಿರಲಿ, ತೊಳೆಯಲೂ ಸುಲಭ ಎಂದು ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ ಹೊಲಿದೆ. ಕಟ್ಟಿಕೊಂಡು ಅಜ್ಜಿಯ ಹಿತ್ತಲಿಗೆ ಹೋಗಿ ಕೋಳಿಬುಟ್ಟಿಗೆ ಬಗ್ಗಿದ್ದೇ ತಡ, ಗಾಳಿಗೆ ಏಪ್ರನ್ನಿನ ಎರಡು ಅಂಚೂ ಪಟಪಟ ಎದ್ದವು.

ಹುಂಜ ಕಿರುಚಿತು. ಹೇಂಟೆಗಳು ಮರಿಗಳನ್ನು ಕರೆದುಕೊಂಡು ಬೇಲಿಯ ಬುಡಕ್ಕೆ ನುಗ್ಗಿದವು. ಒಂದು ಹೇಂಟೆ ಹುಲ್ಲಿನ ಬಣವೆ ಏರಿ ಕೂತದ್ದು ಸಂಜೆಯವರೆಗೆ ಇಳಿಯಲಿಲ್ಲ. ಮೂರು ದಿನ ಆ ಹಿತ್ತಲಲ್ಲಿ ಒಂದು ಮೊಟ್ಟೆಯೂ ಸಿಗಲಿಲ್ಲ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಮೊಟ್ಟೆಗೆ ಚೀಲ ಹೊಲಿ ಅಂದ್ರೆ ಹದ್ದು ಹೊಲ್ಕೊಂಡು ಬಂದೀಯಲ್ಲೇ!"

ಸಾಹೇಬರ ತನಿಖೆ

ಮೂರನೆಯದನ್ನು ಗಾದಿಯ ಪಟ್ಟೆಬಟ್ಟೆಯಲ್ಲಿ ಹೊಲಿದೆ. ಜೇಬಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ. ಕೋಳಿಗಳು ಒಪ್ಪಿದವು. ಕ್ಲಾಸಿನ ಹೆಂಗಸರು ಅದಕ್ಕೆ ಹೊಟ್ಟೆಚೀಲ ಎಂದು ಹೆಸರಿಟ್ಟು ತಮಗೂ ಒಂದೊಂದು ಹೊಲಿದುಕೊಂಡರು. ಅವರಲ್ಲಿ ಅರ್ಧ ಮಂದಿಯ ಮನೆಯಲ್ಲಿ ಕೋಳಿಯೇ ಇರಲಿಲ್ಲ.

ಬ್ಲಾಕಿನ ಸಾಹೇಬರು ನೋಡಲು ಬಂದರು. ಸಾಲಾಗಿ ನಿಂತವರಲ್ಲಿ ಮೊದಲನೆಯವಳ ಹೊಟ್ಟೆಚೀಲ ಉಬ್ಬಿದ್ದು ಕಂಡು ಅವರಿಗೆ ಸಂತೋಷವಾಯಿತು. "ಬಿಚ್ಚಿ ತೋರಿಸಮ್ಮ" ಅಂದರು. ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಅಡಿಕೆ, ಆಮೇಲೆ ಸುಣ್ಣದ ಡಬ್ಬಿ, ಕಡ್ಡಿಪುಡಿ, ಪೆಟ್ಟಿಗೆಯ ಬೀಗದಕೈ, ಸೂಜಿ ದಾರ, ಅರ್ಧ ತಿಂದ ಬೆಲ್ಲ.

"ಮೊಟ್ಟೆ ಎಲ್ಲಮ್ಮ?"

"ಅದಕ್ಕೆ ಜಾಗ ಎಲ್ಲಿದೆ ಸ್ವಾಮಿ?"

ಅವ್ವ ಬಂದದ್ದು

ಮೊಟ್ಟೆ ತುಂಬಿದ ಚೀಲ ಕಟ್ಟಿಕೊಂಡು ಬಿರುಸಾಗಿ ನಡೆದರೆ ಒಡೆಯುತ್ತವೋ ಇಲ್ಲವೋ ಎಂದು ನನಗೆ ಕುತೂಹಲ. ಒಂದು ಬೆಳಿಗ್ಗೆ ಅಜ್ಜಿಯ ಹಿತ್ತಲಲ್ಲಿ ಆಗಷ್ಟೇ ಇಟ್ಟ ಆರು ಮೊಟ್ಟೆ ಜೇಬಿಗೆ ಹಾಕಿ, ಗುಂಡಿ ಬಿಗಿದು, ಬಸ್ಸು ನಿಲ್ಲುವ ಆಲದ ಮರದವರೆಗೆ ದಾಪುಗಾಲು ಹಾಕಿದೆ. ಬಸ್ಸು ಬಂತು. ಅದರಿಂದ ಅವ್ವ ಇಳಿದಳು.

"ಏನೇ ಅದು, ಹೊಟ್ಟೆ ಮ್ಯಾಲೆ?"

"ಹೊಟ್ಟೆಚೀಲ ಅವ್ವಾ. ನಾನೇ ಹೊಲಿದೆ. ನಿಂಬೆಹಣ್ಣು ಕೀಳೋಕೆ." ಬಾಯಿಗೆ ಬಂದದ್ದು ಅದೊಂದೇ.

"ಚೊಲೋ ಐತಲ್ಲ! ಕೊಡಿಲ್ಲಿ, ಕಟ್ಟಿ ನೋಡ್ತೀನಿ."

ನಾನು ಬೇಡ ಅನ್ನುವುದರೊಳಗೆ ಅವ್ವ ಅದನ್ನು ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಾಗಿತ್ತು. ಒಂದು ಗಳಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಗೌಡ್ತಿಯ ಮನೆ ಕಡೆ ನಡೆದೇಬಿಟ್ಟಳು.

ಗೌಡ್ತಿಗೆ ಚೀಲದ ಗುಟ್ಟು ಗೊತ್ತು. ಅವರು ನನ್ನ ಮುಖ ನೋಡುತ್ತಾರೆ, ನಾನು ಸೂರು ನೋಡುತ್ತೇನೆ. "ಚೀಲ ಬಿಚ್ಚಿಟ್ಟು ಆರಾಮಾಗಿ ಕೂತ್ಕೊಳ್ಳಿ ರೀ" ಅಂದರು. "ಇರ್ಲಿ ಬಿಡ್ರಿ, ಮಗಳು ಹೊಲಿದದ್ದು" ಅಂದಳು ಅವ್ವ. ಕೂತಳು, ಬೆಲ್ಲ ನೀರು ಕುಡಿದಳು, ಹಿತ್ತಲಿಗೆ ಹೋಗಿ ನಿಂಬೆಗಿಡ ನೋಡಿದಳು. ಬಗ್ಗಿದಾಗಲೆಲ್ಲ ನನ್ನ ಜೀವ ಹಾರುತ್ತಿತ್ತು. ಇವತ್ತಿನ ಬಸ್ಸಿಗೇ ನಾನೂ ಹೊರಡಬೇಕು ಅನ್ನುವುದು ಖಾತ್ರಿಯಾಯಿತು.

ಮಧ್ಯಾಹ್ನ ಆಲದ ಮರದ ಕೆಳಗೆ ನಾವಿಬ್ಬರೇ ಇದ್ದಾಗ ಅವ್ವ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಅಲ್ಲವೇ, ನಿಂಬೆಹಣ್ಣು ಹೊಟ್ಟೆಗೆ ಬೆಚ್ಚಗೆ ಹತ್ತತಾವೇನು?"

"ಗೊತ್ತಿದ್ದೂ ಯಾಕೆ ಬಿಚ್ಚಲಿಲ್ಲ ಅವ್ವಾ?"

"ಆ ಗೌಡ್ತಿ ಮುಂದೆ ಬಿಚ್ಚಿ ನಿನ್ನ ಮರ್ಯಾದೆ ಕಳೀಲಾ? ನಾ ಮುಟ್ಟಿದ್ದು ಬಟ್ಟೆ. ಮೊಟ್ಟೆ ಮುಟ್ಟಿದ್ದೂ ಬಟ್ಟೆ. ಮೈಲಿಗೆ ಆಗಿದ್ರೆ ಬಟ್ಟೆಗೆ ಆಗೈತಿ, ಅದಕ್ಕೇ ಸ್ನಾನ ಮಾಡಿಸು." ಜೇಬುಗಳನ್ನು ಒಂದು ಸಲ ನೋಡಿದಳು. "ಕೂತೆ, ಎದ್ದೆ, ಬಗ್ಗಿದೆ, ಒಂದೂ ಒಡದಿಲ್ಲ. ಹೊಲಿಗೆ ಗಟ್ಟಿ ಐತಿ. ಇಲ್ಲೇ ಇರು. ಊರಾಗ ಯಾರಾರ ಕೇಳಿದ್ರೆ ನಿಂಬೆಹಣ್ಣು ಅಂತ ಹೇಳ್ತೀನಿ, ನೀನೂ ಮಾತು ಬದಲಿಸಬ್ಯಾಡ."

ಅವ್ವ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹದಿನೈದು ದಿನಕ್ಕೆ ಅದೇ ಬಸ್ಸಿನಿಂದ ನಮ್ಮ ಸೋದರತ್ತೆ ಇಳಿದಳು, ಕಂಕುಳಲ್ಲಿ ಒಂದು ದೊಡ್ಡ ಉಪ್ಪಿನಕಾಯಿ ಭರಣಿ.

"ದಿನಾ ಹನ್ನೆರಡು ನಿಂಬೆಹಣ್ಣು ಕೀಳ್ತೀಯಂತಲ್ಲೇ," ಅಂದಳು, "ಭರಣಿ ತುಂಬೋತನಕ ನಿನ್ನ ಹತ್ರಾನೇ ಇರ್ತೀನಿ."