ಕಪ್ತಾನ ಕಡೆಗೆ ಇಳಿಯಬೇಕು

ರಾಮದುರ್ಗದ ನಮ್ಮ ಗೆಳೆಯ ನಿಜಗುಣಪ್ಪ ಕಳೆದ ಸೋಮವಾರ ತೀರಿಕೊಂಡ. ಅವನು ಸಮುದ್ರವನ್ನು ಕಣ್ಣಾರೆ ಕಂಡವನಲ್ಲ. ಆದರೂ ಊರಿಗೆಲ್ಲ ಅವನು ಕಪ್ತಾನ.

ಐದಾರು ವರ್ಷದ ಹಿಂದೆ ಊರ ಟೆಂಟ್ ಟಾಕೀಸಿಗೆ ಹಡಗಿನ ಫೈಟಿಂಗ್ ಸಿನಿಮಾ ಬಂದಿತ್ತು. ಮಾತೆಲ್ಲ ಇಂಗ್ಲಿಷ್. ನಿಜಗುಣಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ಹಡಗಿನ ಹೊಟ್ಟೆಯಲ್ಲಿ ಬಾಂಬು, ಮೇಲೆ ಬಿರುಗಾಳಿ, ಸುತ್ತ ದಂಡೆಯೇ ಇಲ್ಲದ ನೀರು. ಬೇರೆ ಸಿನಿಮಾದಲ್ಲಾದರೆ ಕೆಟ್ಟವನು ಜೀಪು ಹತ್ತಿ ಪಾರಾಗುತ್ತಾನೆ. ಇಲ್ಲಿ ಎಲ್ಲಿಗೆ ಓಡಿಯಾನು? ಅದೇ ಅವನಿಗೆ ಬಹಳ ಸೇರಿತು. ಹಡಗು ಮುಳುಗುವಾಗ ಖಲಾಸಿಗಳು ಕಪ್ತಾನನಿಗೆ ಸಲಾಮು ಹೊಡೆದು ಒಬ್ಬೊಬ್ಬರೇ ಇಳಿಯುತ್ತಾರೆ; ಕಪ್ತಾನ ಎಲ್ಲರನ್ನೂ ಇಳಿಸಿ, ತಾನು ಕಡೆಗೆ ಇಳಿಯುತ್ತಾನೆ. ನಿಜಗುಣಪ್ಪ ಹೊರಗೆ ಬಂದವನು ಒಣ ಧೋತರವನ್ನೇ ಹಿಂಡಿಕೊಂಡ.

ದಿನಾ ಹೋದ. ಹೆಂಡತಿ ದೇವಕ್ಕನಿಗೂ ತೋರಿಸದಿದ್ದರೆ ತಾನು ನೋಡಿದ್ದು ದಂಡ ಎನಿಸತೊಡಗಿತು. ಅಷ್ಟರಲ್ಲಿ ಕಡೆಯ ಆಟದ ದಿನ ಬಂತು.

"ನೀರ ನೋಡಾಕ ತಿಕೀಟ ಯಾಕ್ರಿ? ಮಲಪ್ರಭಾ ಪುಕ್ಕಟ ಹರೀತೈತಿ," ಎಂದಳು ದೇವಕ್ಕ.

"ಹೊಳಿ ಬ್ಯಾರೆ, ಸಮುದ್ರ ಬ್ಯಾರೆ. ನಿನ್ನ ಹಡಗದಾಗ ಕುಂಡ್ರಿಸಿ ಹೊಳಿ ದಾಟಸ್ತೇನಿ. ಆಮ್ಯಾಲಾದ್ರೂ ಬರ್ತಿ?"

"ಮದಲ ದಾಟಸ್ರಿ."

"ಹೆದರಬ್ಯಾಡ. ಕಪ್ತಾನ ಕಡೀಗೆ ಇಳೀತಾನ."

ಹಡಗೆಂದರೆ ಹೊಲದಲ್ಲಿ ಬೆಲ್ಲ ಕುದಿಸುವ ಕೊಪ್ಪರಿಗೆ. ಆಳುಗಳು ಅದನ್ನು ಹೊತ್ತು ತಂದು ನೀರಿಗಿಳಿಸಿ ದಂಡೆಯ ಮೇಲೆ ಕುಳಿತರು. ಅಂಥ ತಮಾಷೆ ಬಿಟ್ಟು ಯಾರು ಹೋದಾರು? ದೇವಕ್ಕ ಸೆರಗು ಬಿಗಿದು ನಡುವೆ ಕುಳಿತಳು. ಕಪ್ತಾನ ತಾನೂ ಹತ್ತಿ, ಬಿದಿರಿನ ಗಳವನ್ನು ಊರಿ ಜೋರಾಗಿ ನೂಕಿದ. ಕೊಪ್ಪರಿಗೆಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಗಿರ್ರನೆ ತಿರುಗತೊಡಗಿತು.

"ಏನ್ರಿ, ದಾಟಸಾಕ ಹತ್ತೀರೋ, ಬೀಸಾಕ ಹತ್ತೀರೋ? ಹೇಳಿದ್ರ ಒಂದೀಟ ಜ್ವಾಳಾ ತರ್ತಿದ್ನೆಲ್ಲ."

"ಸುಮ್ಮ ಕುಂಡ್ರು. ತೂಫಾನ ಎದ್ದೈತಿ."

ದಂಡೆಯ ಜಾಲಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಷ್ಟರಲ್ಲಿ ಕೊಪ್ಪರಿಗೆ ಬಂಡೆಗೆ ಬಡಿದು ಢಣ್ ಎಂದಿತು. ಸಿನಿಮಾದ ಬಾಂಬು ಅವನ ಕಿವಿಯಲ್ಲೇ ಕಾದಿತ್ತೋ ಏನೋ, "ಮುಳುಗ್ತಲೇ!" ಎಂದು ಕೂಗಿ ಕಪ್ತಾನ ಎಲ್ಲರಿಗಿಂತ ಮೊದಲು ಜಿಗಿದುಬಿಟ್ಟ. ನೀರು ಮೊಣಕಾಲಿಗೆ ಬಂತು. ಜಿಗಿಯುವಾಗ ಅವನ ಕಾಲು ಒದ್ದ ರಭಸಕ್ಕೆ ಕೊಪ್ಪರಿಗೆ ದೇವಕ್ಕನನ್ನು ಹೊತ್ತು ನೆಟ್ಟಗೆ ಆಚೆ ದಂಡೆಗೆ ಹೋಗಿ ನಿಂತಿತು. ಅವಳ ಸೀರೆಯ ಅಂಚು ಕೂಡ ತೊಯ್ದಿರಲಿಲ್ಲ.

"ಒದ್ದು ದಾಟಸಿದ್ರೂ ದಾಟಸಿದಂಗ," ಎಂದು ಅಲ್ಲಿಂದಲೇ ಕೂಗಿದಳು. "ನಡೀರಿ ಸಿನಿಮಾಕ್ಕ."

ಅಂದು ಸಂಜೆ ಪರದೆಯ ಮೇಲೆ ಹಡಗು ಮುಳುಗುತ್ತಿತ್ತು. ಕಪ್ತಾನ ಒಬ್ಬನೇ ನಿಂತಿದ್ದ. ಟೆಂಟಿನಲ್ಲಿ ಉಸಿರಾಡುವ ಸದ್ದಿಲ್ಲ. ಹೆಂಗಸರ ಕಡೆಯಿಂದ ದೇವಕ್ಕನ ದನಿ ಬಂತು: "ಏನ್ರಿ, ನೋಡ್ರಿ. ಅಂವ ನಿಂತಾನ."

ಹೊಳೆಯ ಸುದ್ದಿ ಅಷ್ಟು ಹೊತ್ತಿಗೆ ಊರೆಲ್ಲ ಮುಟ್ಟಿತ್ತು. ಟೆಂಟಿಗೆ ಟೆಂಟೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಿಜಗುಣಪ್ಪ. ಕಪ್ತಾನ ಎಂಬ ಹೆಸರು ಅಂದಿನಿಂದ ಅಂಟಿತು. ಅವನೂ ಅದನ್ನು ಬಿರುದೆಂದೇ ಇಟ್ಟುಕೊಂಡ.

ಕಳೆದ ಸೋಮವಾರ ಮುಂಜಾನೆ ಅವನಿಗೆ ಮಾತು ನಿಂತಿತ್ತು. ದೇವಕ್ಕ ಹಾಸಿಗೆಯ ಪಕ್ಕ ಕುಳಿತು ಚಮಚದಿಂದ ಗಂಜಿ ಹಾಕುತ್ತಿದ್ದಳು. ಎರಡು ಗುಟುಕು ಕುಡಿದು ಅವನು ಸಾಕೆಂದು ತಲೆಯಾಡಿಸಿದ. ಅವಳು ಅವನ ಬಾಯಿ ಒರೆಸಿ, "ಕಪ್ತಾನ್ರ, ಈ ಸಲಾನಾದ್ರೂ ಮದಲ ಜಿಗೀಬ್ಯಾಡ್ರಿ," ಎಂದಳು.

ನಿಜಗುಣಪ್ಪ ಮಲಗಿದಲ್ಲೇ ನಕ್ಕು, ಕೈಯನ್ನು ಹಣೆಯವರೆಗೆ ಎತ್ತಿ, ಸಿನಿಮಾದ ಖಲಾಸಿಗಳ ಹಾಗೆ ಅವಳಿಗೊಂದು ಸಲಾಮು ಹೊಡೆದ.