ಆಡು ಮುಟ್ಟದ ಬಳ್ಳಿ

'ಗೊತ್ತಿಲ್ಲ' ಎಂಬ ಮಾತು ಮಾಸ್ತರನ ಬಾಯಿಂದ ಬರುವುದು ಬಲು ಕಷ್ಟ. ಅದರಲ್ಲೂ ನಾನು ಜೀವಶಾಸ್ತ್ರದ ಮಾಸ್ತರ. ಯಾರಾದರೂ ಎಲೆಯೊಂದನ್ನು ಹಿಡಿದು 'ಇದೇನ್ರಿ ಸರ?' ಎಂದರೆ, ತಿಳಿಯದಿದ್ದರೂ ಕನ್ನಡಕ ಸರಿಪಡಿಸಿಕೊಂಡು ಏನಾದರೊಂದು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಈ ಚಟವೇ ನನ್ನನ್ನು ಊಟ ಬಿಡಿಸಿ ಬಸ್ಸು ಹತ್ತಿಸಿತು.

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಪಾಳುಬಂಗಲೆಯೊಂದರ ಬೇಲಿಗೆ ಆ ಬಳ್ಳಿ ಹಬ್ಬಿತ್ತು. ಹೊಳೆಯುವ ದಪ್ಪ ಎಲೆ, ತಿಳಿನೇರಳೆ ಹೂ, ಕೋಡಿನಂಥ ಜೋಡಿ ಕಾಯಿ, ಮುರಿದರೆ ಹಾಲು. ನಮ್ಮೂರ ಬಿಸಿಲಿಗೂ ಬಗ್ಗದೆ ಹೂಬಿಡುತ್ತಿದ್ದುದಕ್ಕೆ ಮರುಳಾಗಿ ಕಡ್ಡಿ ತಂದು ನೆಟ್ಟೆ. ಹೆಂಡತಿ ಬಳ್ಳಿಯ ಹೆಸರು ಕೇಳಿದಾಗ 'ಮಲ್ಲಿಗಿ ದೂರದ ಸಂಬಂಧಿ' ಎಂದೆ. ಆ ಸಂಬಂಧಿ ಎರಡೇ ವರ್ಷದಲ್ಲಿ ರಟ್ಟೆಗಾತ್ರದ ಕಾಂಡ ಬೆಳೆಸಿ ನಮ್ಮ ಬೇವಿನ ಮರವನ್ನು ಮುಚ್ಚಿಹಾಕಿತು. ಅಷ್ಟರೊಳಗೆ ಕಾಖಂಡಕಿಯ ಮಾವನವರಿಗೂ ಒಂದು ಕಡ್ಡಿ ಕೊಟ್ಟು ಬಂದಿದ್ದೆ.

ಒಂದು ಮಧ್ಯಾಹ್ನ, ಸಂತೆಗೆ ಆಡು ಹೊಡೆದುಕೊಂಡು ಬಂದಿದ್ದ ಘೋಣಸಗಿಯ ಮಾಯವ್ವ ನೀರು ಕೇಳಿ ನಮ್ಮ ಅಂಗಳಕ್ಕೆ ಬಂದಳು. ಅವಳ ಆಡುಗಳು ದಾಸವಾಳ ತಿಂದವು, ಅವರೆ ತಿಂದವು, ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗೂ ಬಾಯಿಟ್ಟವು. ಈ ಬಳ್ಳಿಯನ್ನು ಮಾತ್ರ ಮೂಸಿ ಹಿಂದೆ ಸರಿದವು.

"ಆಡ ಮುಟ್ಟದ ಸೊಪ್ಪಿಲ್ಲ ಅಂತಾರಲ್ರಿ, ಇಲ್ಲೈತಿ ನೋಡ್ರಿ ಯಪ್ಪಾ! ಇದರ ಹೆಸರು ನನಗ ಗೊತ್ತಿಲ್ಲ, ಗುಣ ಗೊತ್ತೈತಿ. ನಮ್ಮೂರಾಗ ಹಸಿದ ಕರ ಒಂದು ತಿಂದು ಸತ್ತೈತಿ," ಎಂದಳು.

'ಗೊತ್ತಿಲ್ಲ' ಎನ್ನುವುದು ಅವಳಿಗೆ ಎಷ್ಟು ಸಲೀಸು! ಆಮೇಲೆ ನಾನು ಪುಸ್ತಕ ತೆರೆದೆ: ರಬ್ಬರ್ ಬಳ್ಳಿ, ಹೊರದೇಶದ್ದು, ದನಕರುಗಳಿಗೆ ವಿಷ. "ಅಯ್ಯ, ನಮ್ಮಪ್ಪನ ಎಮ್ಮಿ!" ಎಂದು ಹೆಂಡತಿ ಅಳತೊಡಗಿದಳು. ಊಟದ ತಟ್ಟೆ ಬಿಟ್ಟು ಎದ್ದು ಕಾಖಂಡಕಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಬಡಪಾಯಿ ಎಮ್ಮೆಯ ಕಣ್ಣುಗಳೇ ಎದುರಿಗೆ ಬಂದು ನಿಜಕ್ಕೂ ಹೆದರಿದ್ದೆ.

ಎಮ್ಮೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಹಿತ್ತಲ ಮೂಲೆಯಲ್ಲಿ ನನ್ನ ಬಳ್ಳಿ, ಸುತ್ತಲೂ ಎದೆಯೆತ್ತರ ಜಾಲಿಮುಳ್ಳಿನ ಬೇಲಿ. ಅಳಿಯ ಕೊಟ್ಟ ಕಡ್ಡಿಗೆ ಇಷ್ಟು ಕಾಪು! ಕಣ್ಣು ತುಂಬಿ ಬಂತು.

"ಬಳ್ಳಿ ಕಾಯಾಕ ಅಲ್ರಿ, ಎಮ್ಮಿ ಕಾಯಾಕ," ಎಂದರು ಮಾವ, ಸಂಕೋಚದಿಂದ. "ಆಡ ಮೂಸಿ ತಿರುಗಿದ ದಿನಾನ ತಿಳೀತ್ರಿ. ಆದ್ರ ಅಳ್ಯಾರು ಪ್ರೀತೀಲೆ ಕೊಟ್ಟಿದ್ದು. ಬಂದಾಗ ಎಲ್ಲೈತಿ ಅಂದ್ರ ಏನ್ ಹೇಳೂದ್ರಿ?"

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಇಬ್ಬರೂ ಸೇರಿ ಬುಡಸಮೇತ ಅಗೆದು ಹಾಕಿದೆವು. ಕೈ ತೊಳೆಯುವಾಗ ಮಾವ, ನನ್ನ ಮರ್ಯಾದೆ ಉಳಿಸಲೋ ಏನೋ, ಗೋಡೆಯ ಬದಿಯ ಸಸಿಯೊಂದನ್ನು ತೋರಿಸಿ, "ಇದೇನ್ರಿ ಮಾಸ್ತರ?" ಎಂದರು.

ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಕಷ್ಟಪಟ್ಟು ಕೆಳಗಿಳಿಸಿ, "ಮೊದಲು ಆಡಿಗೆ ತೋರಸ್ರಿ," ಎಂದೆ.